ಜೀವದತ್ತಾಂಶ ಕೋಶಗಳಿಗೆ ಸ್ಥಿರ ಅನುದಾನ ಬೇಕು

ಮಾನ್ಯ ಸಂಪಾದಕರೇ,

ವಂಶವಾಹಿ ಮತ್ತು ಪ್ರೋಟೀನ್ ದತ್ತಾಂಶ ಕೋಶಗಳು ಇಂದು ವಿದ್ಯಾರ್ಥಿಯ ಮೊಬೈಲಿನಲ್ಲೂ ಉಚಿತವಾಗಿ ತೆರೆದುಕೊಳ್ಳುತ್ತವೆ. ಈ ಸೌಲಭ್ಯ ತಾನಾಗಿ ಒದಗಿದ್ದಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಮಾಹಿತಿ ಕೇಂದ್ರ (ಎನ್‌ಸಿಬಿಐ) ಇ-ಮೇಲ್ ಮೂಲಕವೇ ಹುಡುಕಾಟ ನಡೆಸಿಕೊಡುತ್ತಿತ್ತು: ತಂತ್ರಾಂಶದ ಹೆಸರು, ದತ್ತಾಂಶ ಕೋಶದ ಹೆಸರು, ‘>’ ಚಿಹ್ನೆಯಿಂದ ಶುರುವಾಗುವ ಒಂದು ಸಾಲು, ಅದರಡಿ ಡಿಎನ್‌ಎ ಘಟಕಗಳನ್ನು ಸೂಚಿಸುವ ಎ, ಸಿ, ಜಿ, ಟಿ ಅಕ್ಷರಗಳ ಸರಣಿ ಬರೆದು ಕಳುಹಿಸಿದರೆ, ಬ್ಲಾಸ್ಟ್ ತಂತ್ರಾಂಶ ಹೋಲಿಕೆಗಳನ್ನು ಹುಡುಕಿ ಉತ್ತರವನ್ನು ಇ-ಮೇಲ್‌ನಲ್ಲೇ ಮರಳಿಸುತ್ತಿತ್ತು. ತೀರಾ ನಿಧಾನಗತಿಯ ಸಂಪರ್ಕವಿದ್ದ ಪ್ರಯೋಗಾಲಯಗಳಿಗೂ ಇದು ನಿಲುಕುತ್ತಿತ್ತೆಂಬುದೇ ಅದರ ದೊಡ್ಡ ಗುಣ.

1993ರ ಆಗಸ್ಟ್‌ನಲ್ಲಿ ಜಿನೀವಾದಿಂದ ಎಕ್ಸ್‌ಪ್ಯಾಸಿ ಎಂಬ ಪ್ರೋಟೀನ್ ಮಾಹಿತಿಯ ಜಾಲತಾಣ ಆರಂಭವಾಗಿ, ಸ್ವಿಸ್ ವಿಜ್ಞಾನಿ ಅಮೋಸ್ ಬೈರೋಕ್ 1986ರಲ್ಲಿ ಕಟ್ಟಿದ ಸ್ವಿಸ್-ಪ್ರಾಟ್ ಪ್ರೋಟೀನ್ ಕೋಶವನ್ನು ಜಗತ್ತಿಗೆ ತೆರೆದಿಟ್ಟಿತು. ಆದರೆ ಮೂರೇ ವರ್ಷಗಳಲ್ಲಿ, 1996ರಲ್ಲಿ, ಅನುದಾನವಿಲ್ಲದೆ ಅದೇ ಕೋಶ ನಿಂತುಹೋಗುವ ಸ್ಥಿತಿ ಬಂತು. ವಿವಿಧ ದೇಶಗಳ ವಿಜ್ಞಾನಿಗಳು ದನಿಯೆತ್ತಿದ ಮೇಲಷ್ಟೇ ಅದು ಉಳಿಯಿತು. ಪ್ರತಿ ನಮೂದನ್ನೂ ತಜ್ಞರು ಓದಿ ತಿದ್ದುವ ಇಂಥ ಕೆಲಸಕ್ಕೆ ಅಲ್ಪಾವಧಿಯ ಯೋಜನಾ ಹಣ ಒಗ್ಗುವುದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಭಾರತವೂ 1980ರ ದಶಕದಲ್ಲೇ ಜೈವಿಕ ತಂತ್ರಜ್ಞಾನ ಇಲಾಖೆಯ ಮೂಲಕ ಮಾಹಿತಿ ಜಾಲ ಆರಂಭಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಕೇಂದ್ರಗಳಲ್ಲೊಂದು. ಈಗ ಫರೀದಾಬಾದ್‌ನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರವಿದೆ. ಯಂತ್ರಗಳ ಖರೀದಿಗೆ ಕೊಡುವಷ್ಟೇ ಮಹತ್ವವನ್ನು ದತ್ತಾಂಶ ಪರಿಶೀಲಿಸುವ ತಜ್ಞರ ಕಾಯಂ ಹುದ್ದೆಗಳಿಗೂ ಸರ್ಕಾರ ಕೊಡಬೇಕೆಂದು ಕೋರುತ್ತೇನೆ.

– ನಿವೃತ್ತ ಜೀವರಸಾಯನಶಾಸ್ತ್ರ ಅಧ್ಯಾಪಕ, ಮೈಸೂರು