ಸೋತವರ ಮನೆಗೂ ನಾಲ್ಕು ಜನ ಹೋಗಲಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಗ್ರಾಮ ಪಂಚಾಯಿತಿಯಲ್ಲಿ ತೆರವಾಗಿದ್ದ ಒಂದು ಸ್ಥಾನಕ್ಕೆ ಇತ್ತೀಚೆಗೆ ನಡೆದ ಉಪಚುನಾವಣೆಯಲ್ಲಿ ಒಂಬತ್ತು ಮತಗಳಿಂದ ಸೋತ ಯುವತಿಯೊಬ್ಬರ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಗೆದ್ದವರ ಬಗ್ಗೆ ನನ್ನ ತಕರಾರೇನೂ ಇಲ್ಲ. ಅವರು ನ್ಯಾಯವಾಗಿಯೇ ಗೆದ್ದಿದ್ದಾರೆ. ಆದರೆ ಮತ ಎಣಿಕೆಯ ಮರುದಿನ ಬೆಳಿಗ್ಗೆ ಹಾಲಿನ ಡೇರಿಯ ಬಳಿ ಕಂಡದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸುಮ್ಮನಿರಲು ನನಗೆ ಆಗುತ್ತಿಲ್ಲ.

ಹಾಲು ಹಾಕಲು ಬಂದವರ ಸಾಲು ಇನ್ನೂ ಕರಗಿರಲಿಲ್ಲ. ಆಕೆ ಒಂದು ಬಕೆಟ್ ನೀರು, ಒಂದು ಹಿಡಿ ತೆಂಗಿನ ನಾರು ಹಿಡಿದುಕೊಂಡು ಬಂದು, ಡೇರಿಯ ಗೋಡೆಗೆ ಅಂಟಿಸಿದ್ದ ತಮ್ಮದೇ ಕರಪತ್ರಗಳನ್ನು ನೆನೆಸಿ, ಉಜ್ಜಿ ತೆಗೆಯತೊಡಗಿದರು. ಅವರಿಗೆ ಸಿಕ್ಕಿದ್ದು ಹೊಲಿಗೆ ಯಂತ್ರದ ಚಿಹ್ನೆ. ಮೈದಾ ಅಂಟು ಬಲವಾಗಿ ಹಿಡಿದಿದ್ದರಿಂದ ಕಾಗದ ಕಿತ್ತು ಬಂದರೂ ಚಿತ್ರದ ನೀಲಿ ಬಣ್ಣ ಸುಣ್ಣದ ಮೇಲೆ ಉಳಿಯುತ್ತಿತ್ತು. ಅದನ್ನೂ ಬಿಡದೆ ತಿಕ್ಕುತ್ತಿದ್ದರು. ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹುಡುಗನೊಬ್ಬ "ಏನಕ್ಕಾ, ಮಿಷನ್ನು ಕೆಟ್ಟೋಯ್ತಾ?" ಎಂದು ಕೂಗಿದ. ಸಾಲಿನಲ್ಲಿದ್ದವರು ನಕ್ಕರು. ಆಕೆ ತಿರುಗಿ ನೋಡಲಿಲ್ಲ. ಅವರಿಗೇ ಮತ ಹಾಕಿದ್ದ ನಾನೂ ಹಾಲಿನ ಕ್ಯಾನು ಹಿಡಿದು, ಒಂದು ಮಾತೂ ಆಡದೆ ನಿಂತಿದ್ದೆ. ಊರ ಉಸಾಬರಿ ಸಾಕು, ಮತ್ತೆ ಮೈಸೂರಿನ ಕೆಲಸಕ್ಕೆ ಹೋಗಿಬಿಡುತ್ತೇನೆ ಎಂದು ಆಕೆ ಮನೆಯಲ್ಲಿ ಹೇಳಿದ್ದಾರೆಂಬುದು ಸಂಜೆ ನನ್ನ ಕಿವಿಗೆ ಬಿತ್ತು.

ಗೆದ್ದವರಿಗೆ ನಮ್ಮಲ್ಲಿ ತಮಟೆಯಿದೆ, ಹಾರವಿದೆ, ಪಟಾಕಿಯಿದೆ. ಸೋತವರ ಮನೆಯ ಕಡೆಗೆ ಒಬ್ಬರೂ ತಲೆ ಹಾಕುವುದಿಲ್ಲ. ಸೂತಕದ ಮನೆಗಾದರೂ ಜನ ಹೋಗಿ ಜಗಲಿಯ ಮೇಲೆ ಕುಳಿತು ಬರುತ್ತಾರೆ.

ನಾನು ಶಿಕ್ಷಕನಾಗಿದ್ದಾಗ ಹಲವು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದವನು. ಆ ಅನುಭವದಿಂದ ಹೇಳುವುದಾದರೆ, ಒಂಬತ್ತು ಮತಗಳ ಅಂತರವನ್ನು ಜನರ ತಿರಸ್ಕಾರವೆಂದು ಓದುವುದು ತಪ್ಪು. ಇಬ್ಬರೇ ಕಣದಲ್ಲಿದ್ದ ಈ ಚುನಾವಣೆಯಲ್ಲಿ ಐದು ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ಬದಲಾಗುತ್ತಿತ್ತು. ಕುಲಗೆಟ್ಟ ಮತಗಳೇ ಹನ್ನೊಂದಿದ್ದವು; ಮೊಹರಿನ ಬದಲು ಹೆಬ್ಬೆಟ್ಟು ಒತ್ತಿದವು, ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಮೊಹರು ಬಿದ್ದವು. ಅವುಗಳಲ್ಲಿ ಯಾರಿಗೆ ಸೇರಬೇಕಾದವು ಎಷ್ಟಿದ್ದವೋ, ಹಾಕಿದವರಿಗೇ ಗೊತ್ತು.

ಮತ ಎಣಿಕೆಯ ಕಠೋರತೆಯನ್ನು ನಮ್ಮ ಚಾಮರಾಜನಗರ ಜಿಲ್ಲೆಯವರಿಗೆ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಂದಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ಅಂತರ ಒಂದೇ ಒಂದು ಮತ. ಓಡಾಟದ ಗಡಿಬಿಡಿಯಲ್ಲಿ ಕೃಷ್ಣಮೂರ್ತಿಯವರ ಕಾರಿನ ಚಾಲಕರೇ ಮತ ಹಾಕಲು ಹೋಗಲಿಲ್ಲವೆಂಬ ಮಾತು ನಮ್ಮ ಕಡೆ ಇಂದಿಗೂ ಚಹಾ ಅಂಗಡಿಗಳಲ್ಲಿ ಓಡಾಡುತ್ತದೆ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ 2008ರ ಹೊತ್ತಿಗೆ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇಲ್ಲವಾಯಿತು. 2018ರಲ್ಲಿ ಕೊಳ್ಳೇಗಾಲದಿಂದ ನಿಂತ ಕೃಷ್ಣಮೂರ್ತಿಯವರು ಎನ್. ಮಹೇಶ್ ಅವರೆದುರು ಮತ್ತೆ ಸೋತರು. ಆ ಮಹೇಶ್ ಅವರಾದರೂ 2013ರಲ್ಲಿ ಅದೇ ಕ್ಷೇತ್ರದಲ್ಲಿ ಸೋತು ಎರಡನೇ ಸ್ಥಾನದಲ್ಲಿ ಉಳಿದು, ಐದು ವರ್ಷ ಕಾದು ಗೆದ್ದವರು. ಕೊನೆಗೆ 2023ರಲ್ಲಿ ಕೃಷ್ಣಮೂರ್ತಿಯವರು ಕೊಳ್ಳೇಗಾಲದಲ್ಲಿ ಭಾರಿ ಅಂತರದಿಂದ ಗೆದ್ದು ವಿಧಾನಸಭೆಗೆ ಹೋದರು. ಒಂದು ಮತದ ಸೋಲಿಗೂ ಈ ಗೆಲುವಿಗೂ ನಡುವೆ ಹತ್ತೊಂಬತ್ತು ವರ್ಷಗಳು ಕಳೆದಿದ್ದವು.

ಕೃಷ್ಣಮೂರ್ತಿಯವರು ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ, ಅವರ ಬೆನ್ನಿಗೆ ಪಕ್ಷವಿತ್ತು, ಹೆಸರಿತ್ತು, ಈ ಹುಡುಗಿಗೆ ಏನಿದೆ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. 1989ರಲ್ಲಿ ಹೊಳೆನರಸೀಪುರದಲ್ಲಿ ಸೋತ ದೇವೇಗೌಡರು 1996ರಲ್ಲಿ ಪ್ರಧಾನಿಯಾದ ಕಥೆಯನ್ನು ವೇದಿಕೆಗಳಲ್ಲಿ ಹೇಳುವವರಿಗೂ ಈ ಮಾತು ಅನ್ವಯಿಸುತ್ತದೆ. ದೊಡ್ಡವರು ಸೋತಾಗ ಬೀಳಲು ಹಾಸಿಗೆಯಿರುತ್ತದೆ. ಪಂಚಾಯಿತಿಗೆ ನಿಂತು ಸೋತವರು ಬೀಳುವುದು ಬರೀ ನೆಲಕ್ಕೆ. ಆದ್ದರಿಂದ ನನಗೆ ಹೆಚ್ಚು ಹತ್ತಿರವೆನಿಸುವುದು ಪಕ್ಕದ ಮಂಡ್ಯ ಜಿಲ್ಲೆಯ ಕೆ.ಎಸ್. ಪುಟ್ಟಣ್ಣಯ್ಯನವರ ಉದಾಹರಣೆ. 1994ರಲ್ಲಿ ಪಾಂಡವಪುರದಿಂದ ಶಾಸಕರಾದ ಅವರು ಮುಂದೆ ಸೋಲುಗಳನ್ನು ಕಂಡು, 2013ರಲ್ಲಿ ಮೇಲುಕೋಟೆಯಿಂದ ಮತ್ತೆ ಗೆದ್ದರು. ಶಾಸಕರಲ್ಲದ ವರ್ಷಗಳಲ್ಲೂ ಅವರು ರೈತ ಸಂಘದ ಹಸಿರು ಶಾಲನ್ನು ಹೆಗಲಿನಿಂದ ಇಳಿಸಲಿಲ್ಲ. ಕಬ್ಬಿನ ಬಾಕಿ, ಕಾವೇರಿ ನೀರು ಎಂದು ಜನ ಅವರನ್ನು ಹುಡುಕಿಕೊಂಡು ಹೋಗುವುದೂ ನಿಲ್ಲಲಿಲ್ಲ.

ನಮ್ಮ ಈ ಯುವತಿಗೂ ಅಂಥದ್ದೊಂದು ಕೆಲಸದ ರೂಢಿ ಆಗಲೇ ಇದೆ. ಚುನಾವಣೆಗೆ ಎರಡು ವರ್ಷ ಮೊದಲಿನಿಂದಲೂ ಹಿಂದಿನ ಬೀದಿಯ ಮುದುಕಿಯರ ವಿಧವಾ ವೇತನದ ಅರ್ಜಿಗಳನ್ನು ತುಂಬಿ, ಆಧಾರ್ ಕಾರ್ಡಿನಲ್ಲಿರುವ ಹೆಸರಿಗೂ ಬ್ಯಾಂಕ್ ಪುಸ್ತಕದ ಹೆಸರಿಗೂ ತಾಳೆಯಾಗದೆ ನಿಂತುಹೋದವನ್ನು ಸರಿಪಡಿಸಲು ನಾಡಕಚೇರಿಗೆ ಅಲೆದವರು ಅವರೇ. ನಾನು ಮತ ಹಾಕಿದ್ದು ಅದನ್ನು ನೋಡಿ. ಈ ಕೆಲಸ ಮುಂದುವರಿಸಲು ಸದಸ್ಯರಾಗಿರಬೇಕೆಂಬ ನಿಯಮವೇನೂ ಇಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆಗಳು ನಡೆಯಲೇಬೇಕು. ಅಲ್ಲಿ ಮತದಾರರ ಪಟ್ಟಿಯಲ್ಲಿರುವ ಯಾರಾದರೂ ಎದ್ದು ನಿಂತು ಕೇಳಬಹುದು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಪಂಚಾಯಿತಿಯ ಲೆಕ್ಕಪತ್ರ, ಕಾಮಗಾರಿಗಳನ್ನು ಜನರೆದುರು ಇಡಬೇಕಾಗುತ್ತದೆ. ಈ ಸಭೆಗಳಿಗೆ ಬರುವವರು ಬೆರಳೆಣಿಕೆಯಷ್ಟು ಜನ. ಕಾಗದಗಳನ್ನು ಓದಿಕೊಂಡು ಬಂದ ಒಬ್ಬರು ಅಲ್ಲಿ ಕುಳಿತರೂ ಸಭೆಯ ಹದವೇ ಬದಲಾಗುತ್ತದೆಂಬುದನ್ನು ನಾನು ನೋಡಿದ್ದೇನೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮುಂದಿನ ಸಲ ಮೀಸಲಾತಿ ಬದಲಾಗಿ ಇದೇ ಸ್ಥಾನಕ್ಕೆ ನಿಲ್ಲಲು ಅವರಿಗೆ ಅವಕಾಶವೇ ಸಿಗದಿರಬಹುದು. ಮತ್ತೆ ನಿಲ್ಲುವುದಕ್ಕಾಗಿ ಮಾತ್ರ ಊರಿನಲ್ಲಿ ಉಳಿಯುವುದಾದರೆ ಆ ದಿನ ಇನ್ನೊಮ್ಮೆ ನಿರಾಶೆಯಾದೀತು. ಹಾಗೆಯೇ, "ಜನ ದುಡ್ಡಿಗೆ ಮಾರಿಕೊಂಡರು" ಎಂದು ಅವರ ಬೆಂಬಲಿಗರು ಅಲ್ಲಲ್ಲಿ ಆಡುತ್ತಿರುವ ಮಾತನ್ನು ಆಕೆ ತಾವೇ ನಿಲ್ಲಿಸಬೇಕು. ತಮಗೆ ಮತ ಹಾಕದವರ ಮನೆಯ ಮುದುಕಿಯರಿಗೂ ನಾಳೆ ಅರ್ಜಿ ತುಂಬಿಕೊಡಬೇಕಾದವರು ಅವರೇ ತಾನೆ? ಅದಕ್ಕಿಂತ, ಎರಡು ದಿನ ಬಿಡುವು ಮಾಡಿಕೊಂಡು, ಪ್ರಚಾರಕ್ಕೆ ಹೋಗಿದ್ದ ಮನೆಗಳಿಗೆಲ್ಲ ಕೈಯಲ್ಲಿ ಕರಪತ್ರವಿಲ್ಲದೆ ಇನ್ನೊಮ್ಮೆ ಹೋಗಿ ಬರಲಿ. ಸೋತ ಮೇಲೆ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ನನ್ನ ಅರವತ್ತೆಂಟು ವರ್ಷಗಳಲ್ಲಿ ನಾನು ಕಂಡಿಲ್ಲ.

ಅವರು ಬರುವ ಮುಂಚೆ, ಡೇರಿಯ ಬಳಿ ಸುಮ್ಮನೆ ನಿಂತಿದ್ದ ತಪ್ಪಿಗೆ, ನಾನೂ ನನ್ನ ಮಡದಿಯೂ ಈ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇವೆ. ವಾರ್ಡ್ ಸಭೆಯ ದಿನಾಂಕವನ್ನು ಕಚೇರಿಯ ಫಲಕದಲ್ಲಿ ಒಂದು ಚೀಟಿ ಅಂಟಿಸಿ ಮುಗಿಸದೆ, ಮೊದಲಿನಂತೆ ಬೀದಿಬೀದಿಗಳಲ್ಲಿ ಟಾಂಟಾಂ ಹೊಡೆಸಿ ತಿಳಿಸಬೇಕೆಂದು ನಮ್ಮ ಪಂಚಾಯಿತಿಯವರನ್ನು ಈ ಮೂಲಕ ಕೋರುತ್ತೇನೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕ,
ಯಳಂದೂರು ತಾಲ್ಲೂಕು