ಹಿಂದಿನ ಬಾಗಿಲಿನ ಬೀಗ ತೆಗೆಸಿ: ಮೈಸೂರು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ.

ಗ್ರಂಥಾಲಯದ ವಿಷಯವನ್ನು ಗ್ರಂಥಾಲಯ ಇಲಾಖೆಗೆ ಬರೆಯದೆ ನಮಗೇಕೆ ಬರೆದ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ಜಿಲ್ಲೆಯಲ್ಲಿರುವ ಪ್ರತಿ ಸರ್ಕಾರಿ ಕಚೇರಿಯೂ ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ವಿಪತ್ತು ಯೋಜನೆಯನ್ನು ಮಾಡಿಟ್ಟುಕೊಂಡಿರಬೇಕು, ಅದು ನಿಮ್ಮ ಪ್ರಾಧಿಕಾರದ ಮೇಲ್ವಿಚಾರಣೆಯಲ್ಲಿ ಆಗಬೇಕು ಎಂದು ಅದೇ ಕಾಯ್ದೆಯ 32ನೇ ಸೆಕ್ಷನ್ ಹೇಳುತ್ತದೆ. ವಿಪತ್ತು ಅಂದ ಕೂಡಲೇ ನಮಗೆ ಕಾವೇರಿ, ಕಪಿಲೆಯ ನೆರೆ ನೆನಪಾಗುತ್ತದೆ. ಗ್ರಂಥಾಲಯ ನೆನಪಾಗುವುದಿಲ್ಲ. ಅದಕ್ಕೇ ಈ ಪತ್ರ.

ನಾನು ಹೋಗುವ ಗ್ರಂಥಾಲಯದ ಹೆಸರು ಹೇಳುವುದಿಲ್ಲ. ಹೇಳಿದರೆ ಬೈಸಿಕೊಳ್ಳುವವರು ಅಲ್ಲಿನ ಸಿಬ್ಬಂದಿ. ಅವರ ತಪ್ಪು ಇದರಲ್ಲಿ ಕಡಿಮೆ. ಬೆಳಿಗ್ಗೆ ಹೊತ್ತು ಕೆಳಗಿನ ಕೋಣೆಯಲ್ಲಿ ಪೇಪರ್ ಓದುವ ಹಿರಿಯರು ತುಂಬಿರುತ್ತಾರೆ. ಮಹಡಿಯಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಇವರೆಲ್ಲರಿಗೂ ಒಂದೇ ಮೆಟ್ಟಿಲು, ಒಂದೇ ಬಾಗಿಲು. ಬಾಗಿಲ ಮುಂದೆ ಒತ್ತೊತ್ತಾಗಿ ನಿಲ್ಲಿಸಿದ ಬೈಕುಗಳು. ಮೆಟ್ಟಿಲ ಕೆಳಗೆ ರದ್ದಿಗೆ ಹೋಗಬೇಕಾದ ಪೇಪರ್ ಕಟ್ಟುಗಳು. ಬೆಂಕಿ ಆರಿಸುವ ಸಿಲಿಂಡರ್ ಇದೆ, ಇಲ್ಲ ಅಂತ ಹೇಳುವ ಹಾಗಿಲ್ಲ. ಅದು ಬೀರುವಿನ ಹಿಂದೆ ಇದೆ.

ಹಿಂದುಗಡೆ ಇನ್ನೊಂದು ಬಾಗಿಲೂ ಇದೆ. ಅದಕ್ಕೆ ಸದಾ ಬೀಗ.

ಒಂದು ಬೇಸಿಗೆಯಲ್ಲಿ ಅಲ್ಲಿ ಯುಪಿಎಸ್ ಪಕ್ಕದ ಸ್ವಿಚ್ ಬೋರ್ಡಿನಿಂದ ಹೊಗೆ ಬಂತು. ಪ್ಲಾಸ್ಟಿಕ್ ಸುಟ್ಟ ವಾಸನೆ ಮಹಡಿಯವರೆಗೂ ಹೋಯಿತು. ಕೌಂಟರಿನಲ್ಲಿದ್ದ ಸಹಾಯಕಿ ಮೊದಲು ಮಾಡಿದ ಕೆಲಸ ಮೇಲಧಿಕಾರಿಗೆ ಫೋನ್ ಮಾಡಿದ್ದು. ಓದುಗರನ್ನು ಹೊರಗೆ ಕಳಿಸಲಾ ಅಂತ ಕೇಳುವುದಕ್ಕೆ. ಆ ಕಡೆ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಓದುಗರೊಬ್ಬರು ಮೇನ್ ಸ್ವಿಚ್ ಹುಡುಕಿ ಆಫ್ ಮಾಡಿದರು. ದೊಡ್ಡದೇನೂ ಆಗಲಿಲ್ಲ, ಹತ್ತು ನಿಮಿಷದಲ್ಲಿ ಎಲ್ಲರೂ ಮತ್ತೆ ಓದಲು ಕೂತರು. ಅಷ್ಟು ಓದಿದ, ಅಷ್ಟು ಚುರುಕಾದ ಆ ಸಹಾಯಕಿ ‘ಎಲ್ಲರೂ ಹೊರಗೆ ನಡೀರಿ’ ಅಂತ ಒಂದು ಮಾತು ಹೇಳಲು ಯಾಕೆ ಹೆದರಿದರು ಅನ್ನುವ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಆಮೇಲೆ ಅವರನ್ನೇ ಕೇಳಿದೆ. ಉತ್ತರ ಸರಳವಾಗಿತ್ತು. “ಸರ್, ಗಡಿಬಿಡಿಯಲ್ಲಿ ಪುಸ್ತಕ ಹೋದರೆ ಯಾರು ಲೆಕ್ಕ ಕೊಡೋದು?”

ಹಿಂದಿನ ಬಾಗಿಲಿಗೆ ಬೀಗ ಬಿದ್ದಿರುವುದೂ ಇದೇ ಕಾರಣಕ್ಕೆ. ಕಿಟಕಿಗೆ ತೆಗೆಯಲು ಬಾರದ ಗ್ರಿಲ್ ಕೂರಿಸಿರುವುದೂ ಇದಕ್ಕೇ. ವರ್ಷದ ಪುಸ್ತಕ ಪರಿಶೀಲನೆಯಲ್ಲಿ ಲೆಕ್ಕ ಕಡಿಮೆ ಬಂದರೆ ಸಂಬಳಕ್ಕೆ ಕತ್ತರಿ ಬೀಳುತ್ತದೆ ಅನ್ನುವ ಭಯ ಗ್ರಂಥಾಲಯದಲ್ಲಿ ಕೆಲಸ ಮಾಡುವವರನ್ನು ಕಾಡುತ್ತಲೇ ಇರುತ್ತದೆ. ಗುತ್ತಿಗೆ ನೌಕರರಾದರೆ ಕೆಲಸವೇ ಹೋದೀತೆಂಬ ಭಯ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಸ್ವಲ್ಪ ಉದಾರವಾಗಿವೆ. ವರ್ಷದಲ್ಲಿ ಎರವಲು ಕೊಟ್ಟ, ಓದಲು ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ ಎಂದು ಅವು ಒಪ್ಪುತ್ತವೆ. ಮೋಸ, ಅಜಾಗರೂಕತೆ ಇರಬಾರದು ಅಷ್ಟೇ. ಆದರೆ ಹೊಗೆ ತುಂಬಿದ ಕೋಣೆಯಲ್ಲಿ ನಿಂತವರಿಗೆ ಈ ನಿಯಮವೆಲ್ಲ ನೆನಪಿಗೆ ಬರುತ್ತದೆಯೇ? ಅವರಿಗೆ ಬೇಕಾದದ್ದು ನಿಮ್ಮ ಸಹಿ ಇರುವ ಒಂದು ಹಾಳೆ. ಅಪಾಯ ಕಂಡರೆ ಯಾರ ಅನುಮತಿಗೂ ಕಾಯದೆ ಕಟ್ಟಡ ಖಾಲಿ ಮಾಡಿಸುವ ಅಧಿಕಾರ ಕರ್ತವ್ಯದಲ್ಲಿರುವ ಸಿಬ್ಬಂದಿಗೆ ಇದೆ, ಆ ಹೊತ್ತಿನಲ್ಲಿ ಕಳೆದ ಪುಸ್ತಕಕ್ಕೆ ಅವರಿಂದ ವಸೂಲಿ ಇಲ್ಲ ಅಂತ ಅದರಲ್ಲಿ ಬರೆದಿರಲಿ. ಇಡೀ ಪತ್ರದಲ್ಲಿ ನಾನು ಕೇಳುವ ಮುಖ್ಯ ವಿಷಯ ಇದೊಂದೇ. ಉಳಿದದ್ದೆಲ್ಲ ಇದಾದ ಮೇಲೆ.

ಮೈಸೂರಿಗೆ ಇಂಥ ಅನುಭವ ಹೊಸದಲ್ಲ. 1897ರಲ್ಲಿ ಮದುವೆಯ ಸಂಭ್ರಮದಲ್ಲೇ ಮರದ ಅರಮನೆ ಸುಟ್ಟುಹೋಯಿತು. ಹಳೆಯ ಪುಸ್ತಕದ ಅಂಗಡಿಗಳಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. ರಾಜೀವನಗರದಲ್ಲಿ ಕೂಲಿ ಕೆಲಸ ಮಾಡುವ ಒಬ್ಬರು ಜನರಿಗಾಗಿ ಕಟ್ಟಿದ್ದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಬಿತ್ತು. ಸುಮಾರು 11 ಸಾವಿರ ಪುಸ್ತಕಗಳು ಬೂದಿಯಾದವು. ಆಗ ಊರೆಲ್ಲ ಮರುಗಿತು, ದೇಶದ ಬೇರೆ ಕಡೆಯಿಂದಲೂ ಸಹಾಯ ಬಂತು. ಮರುಕಕ್ಕೆ ನಮ್ಮಲ್ಲಿ ಬರವಿಲ್ಲ.

ಅದೇ ತಿಂಗಳು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾನಿಲಯದ ಜಾಗರ್ ಗ್ರಂಥಾಲಯಕ್ಕೂ ಬೆಂಕಿ ಬಿತ್ತು. ಓದುವ ಕೋಣೆ ಪೂರಾ ಹೋಯಿತು. ಆದರೆ ಬೆಂಕಿ ತಡೆಯುವ ಬಾಗಿಲುಗಳು ಮುಚ್ಚಿಕೊಂಡದ್ದರಿಂದ ನೆಲಮಾಳಿಗೆಯ ಸಂಗ್ರಹದಲ್ಲಿ ಬಹಳಷ್ಟು ಉಳಿಯಿತು. ಬೆಂಕಿ ಆರಿಸಲು ಬಿಟ್ಟ ನೀರು ಆ ನೆಲಮಾಳಿಗೆಗೇ ಇಳಿಯಿತು. ಸಿಬ್ಬಂದಿ ಮತ್ತು ಸ್ವಯಂಸೇವಕರು ಸೇರಿ ಒದ್ದೆ ಪುಸ್ತಕ, ಕಾಗದಗಳನ್ನು ಕ್ರೇಟುಗಳಲ್ಲಿ ಹೊತ್ತು ಹೊರಗೆ ತಂದರು.

ನೀರಿನ ವಿಷಯಕ್ಕೆ ಬಂದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಊರಿನಲ್ಲಿ ಪುಸ್ತಕಕ್ಕೆ ಬೆಂಕಿಗಿಂತ ನೀರಿನ ಕಾಟ ಜಾಸ್ತಿ ಅನ್ನುವುದು ನನ್ನ ಅಂದಾಜು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಹಳೆಯ ತಾರಸಿ ಸೋರುತ್ತದೆ, ಎಲೆ ಕಟ್ಟಿಕೊಂಡ ಮಳೆನೀರಿನ ಪೈಪು ಒಳಗೇ ಸುರಿಯುತ್ತದೆ. ಒದ್ದೆಯಾದ ಪುಸ್ತಕಕ್ಕೆ ಎರಡು ಮೂರು ದಿನದೊಳಗೆ ಬೂಸ್ಟು ಹಿಡಿಯಲು ಶುರು. ಶನಿವಾರ ರಾತ್ರಿ ಸೋರಿದ್ದನ್ನು ಮಂಗಳವಾರ ನೋಡಿದರೆ ಕಥೆ ಮುಗಿದ ಹಾಗೆ. ಸಿಬ್ಬಂದಿಗೆ ಇದನ್ನು ಯಾರಾದರೂ ಹೇಳಿಕೊಡಬೇಕು. ಒದ್ದೆ ಪುಸ್ತಕವನ್ನು ಬಲವಂತವಾಗಿ ಬಿಡಿಸಬಾರದು. ಬಿಸಿಲಿಗೆ ಹಾಕಬಾರದು, ಹಾಳೆ ಸೊಟ್ಟಗಾಗುತ್ತದೆ. ಸ್ವಲ್ಪ ಒದ್ದೆಯಾದದ್ದನ್ನು ನೆಟ್ಟಗೆ ನಿಲ್ಲಿಸಿ, ಫ್ಯಾನ್ ಗಾಳಿ ಆಡುವ ಹಾಗೆ ಬಿಡಬೇಕು. ತುಂಬಾ ನೆನೆದಿದ್ದರೆ ಮಲಗಿಸಿ, ನೀರು ಹೀರುವ ಬಿಳಿ ಕಾಗದ ನಡುನಡುವೆ ಇಟ್ಟು ಆಗಾಗ ಬದಲಿಸಬೇಕು. ಬಣ್ಣದ ಚಿತ್ರಗಳಿರುವ ನುಣುಪು ಕಾಗದದ ಪುಸ್ತಕ ಒಣಗಿದರೆ ಇಟ್ಟಿಗೆಯಂತೆ ಅಂಟಿಕೊಂಡುಬಿಡುತ್ತದೆ, ಅದಕ್ಕೆ ಮೊದಲ ಸರದಿ. ಅಷ್ಟೂ ಪುಸ್ತಕ ಒಂದೇ ಸಲ ಒಣಗಿಸಲು ಆಗದಿದ್ದರೆ ಫ್ರೀಜರ್‌ನಲ್ಲಿ ಇಟ್ಟು ಹೆಪ್ಪುಗಟ್ಟಿಸುವ ಪದ್ಧತಿ ಜಗತ್ತಿನ ದೊಡ್ಡ ಗ್ರಂಥಾಲಯಗಳಲ್ಲಿದೆ. ಬೂಸ್ಟು ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಒಣಗಿಸಬಹುದು. ನಮ್ಮ ಜಿಲ್ಲೆಯ ಯಾವ ಶೀತಲಗೃಹ ಇಂಥ ಹೊತ್ತಿಗೆ ಜಾಗ ಕೊಡಬಲ್ಲದು ಅಂತ ಮೊದಲೇ ಮಾತಾಡಿಡಬೇಕಾದವರು ನೀವು. ಒಬ್ಬ ಗ್ರಂಥಪಾಲಕರ ಕೈಯಲ್ಲಿ ಅದು ಆಗುವ ಕೆಲಸ ಅಲ್ಲ. ಓಲೆಗರಿಗಳ ಊರು ಬೇರೆ ನಮ್ಮದು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಸಿಕ್ಕಿದ್ದು 1891ರಲ್ಲಿ ಶುರುವಾದ ಇಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲೇ ಅಲ್ವಾ?

ಇನ್ನು ಜನರ ವಿಷಯ. ಗ್ರಂಥಾಲಯದಲ್ಲಿ ಬೆಂಕಿಗಿಂತ ಮೊದಲು ಬರುವ ತುರ್ತು ಯಾವುದು? ಪೇಪರ್ ಓದುತ್ತಾ ಕೂತ ಹಿರಿಯರೊಬ್ಬರು ಎದೆ ಹಿಡಿದುಕೊಳ್ಳುವುದು. ಹಗಲೂ ರಾತ್ರಿ ಓದಿ ಊಟ ಬಿಟ್ಟ ಹುಡುಗಿ ತಲೆಸುತ್ತಿ ಬೀಳುವುದು. ಫಿಟ್ಸ್ ಬಂದರೆ ನಮ್ಮ ಜನ ಈಗಲೂ ಕೈಗೆ ಬೀಗದ ಕೈ ಗೊಂಚಲು ತುರುಕುತ್ತಾರೆ. ಅದರಿಂದ ಏನೂ ಪ್ರಯೋಜನವಿಲ್ಲ. ಸುತ್ತಲಿನ ಕುರ್ಚಿ ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು. ಉಸಿರೇ ಇಲ್ಲದೆ ಬಿದ್ದವರಿಗೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಓದಿದರೆ ಇದು ಬರುವುದಿಲ್ಲ, ಬೊಂಬೆಯ ಮೇಲೆ ಒತ್ತಿ ಕಲಿಯಬೇಕು.

ಹೆಜ್ಜೇನು ಎದ್ದರೆ ಮಾತ್ರ ಎಲ್ಲ ತಿರುಗುಮುರುಗು. ಆಗ ಜನರನ್ನು ಹೊರಗೆ ಕಳಿಸುವ ಹಾಗಿಲ್ಲ, ಒಳಗೆ ಕರೆದು ಕಿಟಕಿ ಬಾಗಿಲು ಮುಚ್ಚಬೇಕು. ಮರಗಳ ನಡುವೆ ಗ್ರಂಥಾಲಯ ಇರುವ ಊರಿಗೆ ಇದೂ ಬೇಕಾದ ಪಾಠವೇ. ನಗಬೇಡಿ.

ಸಿಲಿಂಡರಿನ ಮಾತು ಬಾಕಿ ಇದೆ. ಚಿಕ್ಕ ಸಿಲಿಂಡರಿನಲ್ಲಿರುವ ಪುಡಿ ಅರ್ಧ ನಿಮಿಷವೂ ಬರುವುದಿಲ್ಲ. ಪಿನ್ ಎಲ್ಲಿದೆ ಅಂತ ಆಗ ಹುಡುಕುತ್ತಾ ನಿಂತರೆ ಆಯಿತು. ಕಸದ ಬುಟ್ಟಿಯಷ್ಟು ಬೆಂಕಿಗೆ ಮಾತ್ರ ಅದು. ಅದಕ್ಕಿಂತ ದೊಡ್ಡದಾದರೆ ಬಿಟ್ಟು ಹೊರಗೆ ಬರಬೇಕು, ಬಗ್ಗಿಕೊಂಡು ಬರಬೇಕು, ಯಾಕೆಂದರೆ ಹೊಗೆ ಮೇಲೆ ತುಂಬಿಕೊಳ್ಳುತ್ತದೆ. ಕರೆಂಟಿನಿಂದ ಹತ್ತಿದ ಬೆಂಕಿಗೆ ನೀರು ಎರಚಬಾರದು, ಮೊದಲು ಮೇನ್ ಆಫ್ ಮಾಡಬೇಕು. 112ಕ್ಕೋ 101ಕ್ಕೋ ಫೋನ್ ಮಾಡುವಾಗ ಹತ್ತಿರದ ಸರ್ಕಲ್, ಗುರುತಿನ ಅಂಗಡಿ ಹೇಳಬೇಕು. ದಸರಾ ದೀಪಾಲಂಕಾರದ ಸಂಜೆಗಳಲ್ಲಿ ಅಗ್ನಿಶಾಮಕ ವಾಹನ ಯಾವ ದಾರಿಯಲ್ಲಿ ಬರಬೇಕು ಅನ್ನುವುದೂ ಮೊದಲೇ ಗೊತ್ತಿರಬೇಕು. ಸಯ್ಯಾಜಿರಾವ್ ರಸ್ತೆಯ ಆಸುಪಾಸಿನಲ್ಲಿ ಆಗ ನಡೆದು ಹೋಗುವುದೇ ಕಷ್ಟ.

ಇದಕ್ಕೆಲ್ಲ ಎಷ್ಟು ದುಡ್ಡು ಬೇಕು? ಕಡಿಮೆ. 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆ ಕಟ್ಟುವಾಗ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಹಣದಲ್ಲಿ ಪುಸ್ತಕ ಕೊಳ್ಳಲಿ, ಬೇಡ ಅನ್ನುವುದಿಲ್ಲ. ಒಂದಿಷ್ಟು ಪಾಲು ವೈರಿಂಗ್ ತಪಾಸಣೆಗೆ, ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲಿಗೆ, ಬ್ಯಾಟರಿ ದೀಪಗಳಿಗೆ ಹೋಗಲಿ. ಹಿಂದಿನ ಬಾಗಿಲಿಗೆ ಬೀಗದ ಬದಲು ತೆರೆದರೆ ಕೂಗುವ ಅಲಾರಂ ಹಾಕಿದರೆ ಪುಸ್ತಕ ಕಳ್ಳರೂ ಹೋಗಲಾರರು, ಜನರೂ ಸಿಕ್ಕಿಬೀಳುವುದಿಲ್ಲ. ಹಳ್ಳಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಪಂಚಾಯತ್ ರಾಜ್ ಇಲಾಖೆಯ ಕೈಯಲ್ಲಿವೆ, ಅಲ್ಲಿ ಮೇಲ್ವಿಚಾರಕರು ಒಬ್ಬರೇ ಇರುತ್ತಾರೆ. ಅವರನ್ನೂ ಸೇರಿಸಿಕೊಳ್ಳಿ. ಎರಡು ಇಲಾಖೆಗಳನ್ನು ಒಂದು ಮೇಜಿನ ಸುತ್ತ ಕೂರಿಸಬಲ್ಲವರು ಜಿಲ್ಲೆಯಲ್ಲಿ ನೀವೇ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಸರಸ್ವತಿಪುರಂ, ಬನ್ನಿಮಂಟಪದ ಠಾಣೆಗಳವರು ಆ ವಾರ ಗ್ರಂಥಾಲಯಗಳಿಗೂ ಬರುವ ಹಾಗೆ ಮಾಡಿ. ಓದುಗರು ಒಳಗಿರುವಾಗಲೇ ಅಣಕು ಕಾರ್ಯಾಚರಣೆ ನಡೆಯಲಿ, ರಜಾ ದಿನ ಫೋಟೋಕ್ಕೆಂದು ಸುಮ್ನೆ ಮಾಡುವುದು ಬೇಡ. ಓದುವ ಹುಡುಗರು ಗೊಣಗಬಹುದು. ಅವರ ಜೊತೆ ಮಾತಾಡುವ ಜವಾಬ್ದಾರಿ ನಮ್ಮಂಥ ಹಳೆಯ ಓದುಗರಿಗೆ ಇರಲಿ. ಆದರೆ ನಿಮ್ಮ ಸಹಿಯ ಆ ಒಂದು ಹಾಳೆಗೆ ಏಪ್ರಿಲ್‌ವರೆಗೆ ಕಾಯಬೇಕಿಲ್ಲ. ಅದನ್ನು ಈ ತಿಂಗಳೇ ಕಳಿಸಿ, ಕೌಂಟರಿನ ಪಕ್ಕದಲ್ಲಿ ಓದುಗರಿಗೂ ಕಾಣುವ ಹಾಗೆ ಅಂಟಿಸಲು ಹೇಳಿ.

ವಂದನೆಗಳೊಂದಿಗೆ,
ಮೈಸೂರಿನ ಒಬ್ಬ ಓದುಗ