ಬಿಸಿ ಎಂಜಿನ್ ಬಚ್ಚಿಡುವ ಸಂಗತಿಗಳು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಹನ ಪುಟಗಳಲ್ಲಿ ಹೊಸ ಬೈಕ್‌ಗಳ ವಿಚಾರ ಸಾಕಷ್ಟು ಬರುತ್ತದೆ. ಆದರೆ ಎಷ್ಟೋ ಜನರ ಪಾಲಿಗೆ ಮೊದಲ ಬೈಕ್ ಎಂದರೆ ಬೇರೊಬ್ಬರು ಓಡಿಸಿ ಬಿಟ್ಟ ಬೈಕೇ ಆಗಿರುತ್ತದೆ. ಅದನ್ನು ಕೊಳ್ಳುವ ಮುನ್ನ ಹೇಗೆ ಪರೀಕ್ಷಿಸಬೇಕು, ಹೇಗೆ ಓಡಿಸಿ ನೋಡಬೇಕು ಎಂಬುದರ ಬಗ್ಗೆ, ಒಮ್ಮೆ ಮೋಸಹೋಗಿ ಆಮೇಲೆ ಕಲಿತವನಾಗಿ ಕೆಲವು ಮಾತು ಬರೆಯಬೇಕೆನಿಸಿದೆ.

ನಾನು ಮೊದಲ ಬಾರಿ ಹಳೆಯ ಬೈಕ್ ನೋಡಲು ಹೋದಾಗ, ಮಾರುವವರು ಅದನ್ನು ಒರೆಸಿ, ಸ್ಟಾರ್ಟ್ ಮಾಡಿ, ಗೇಟಿನ ಹೊರಗೆ ತಂದು ನಿಲ್ಲಿಸಿದ್ದರು. ‘ನೀವು ಕಾಯುವುದು ಬೇಡವೆಂದು ಸ್ವಲ್ಪ ಹೊತ್ತು ಓಡಿಸಿ ಇಟ್ಟಿದ್ದೇನೆ’ ಎಂದರು. ನಾನು ಅದನ್ನು ಸೌಜನ್ಯವೆಂದೇ ತಿಳಿದೆ. ಎರಡು ಸುತ್ತು ಓಡಿಸಿದೆ. ಪಿಕಪ್ ಚೆನ್ನಾಗಿತ್ತು, ಸದ್ದು ಹಿತವಾಗಿತ್ತು, ಹಣ ಕೊಟ್ಟು ತಂದೆ. ಮರುದಿನ ಬೆಳಿಗ್ಗೆ ಸೆಲ್ಫ್ ಬಟನ್ ಒತ್ತಿದರೆ ‘ಟಕ್ ಟಕ್’ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಕಿಕ್ ಹೊಡೆದು ಹೊಡೆದು ಸುಸ್ತಾದ ಮೇಲೆ ಎಂಜಿನ್ ಎದ್ದಿತು. ಎದ್ದೊಡನೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಭುಸ್ಸೆಂದು ಬಂದು, ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಂತಿತು. ಬ್ಯಾಟರಿ ಮುಗಿದಿದೆ, ವಾಲ್ವ್ ಸೀಲ್‌ಗಳು ಸವೆದಿವೆ, ಗಾಡಿ ರಾತ್ರಿಯೆಲ್ಲ ನಿಂತಿದ್ದಾಗ ಆಯಿಲ್ ಮೆಲ್ಲಗೆ ಸಿಲಿಂಡರಿಗೆ ಇಳಿದು ಬೆಳಿಗ್ಗೆ ಅದೇ ಉರಿದು ಹೊಗೆಯಾಗುತ್ತದೆ ಎಂದು ಮೆಕ್ಯಾನಿಕ್ ಬಿಚ್ಚಿ ನೋಡಿ ಹೇಳಿದರು. ಮಾರಿದವರು ನನಗೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮೊದಲ ಎರಡು ನಿಮಿಷಗಳನ್ನು ಮಾತ್ರ ನಾನು ಬರುವ ಮುನ್ನವೇ ಮುಗಿಸಿಬಿಟ್ಟಿದ್ದರು.

ಆದುದರಿಂದ ಕೊಳ್ಳುವವರು ಫೋನಿನಲ್ಲಿ ಮಾತನಾಡುವಾಗಲೇ ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ವಿನಯದಿಂದಲೇ ಹೇಳಿಬಿಡಬೇಕು. ಅಲ್ಲಿಗೆ ಹೋದ ಮೇಲೆ ಮೊದಲು ಮಾಡಬೇಕಾದ ಕೆಲಸ ಬಣ್ಣ ನೋಡುವುದಲ್ಲ, ಸಿಲಿಂಡರಿನ ಹತ್ತಿರ ಅಂಗೈಯ ಹಿಂಭಾಗ ಒಯ್ದು ಕಾವು ಇದೆಯೇ ಎಂದು ನೋಡುವುದು. ಕಾವಿದ್ದರೆ ಜಗಳವಾಡಬೇಕಿಲ್ಲ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದರಾಯಿತು. ಆಗಷ್ಟೇ ನೀರು ಹಾಕಿ ತೊಳೆದ ಎಂಜಿನ್ ಕೂಡ ಅನುಮಾನಕ್ಕೆ ಕಾರಣವೇ, ಏಕೆಂದರೆ ಆಯಿಲ್ ಸೋರಿದ ಗುರುತು ಧೂಳು ಹಿಡಿದ ಎಂಜಿನ್ನಿನಲ್ಲಿ ಸಿಗುವಂತೆ ಫಳಫಳ ಹೊಳೆಯುವುದರಲ್ಲಿ ಸಿಗುವುದಿಲ್ಲ. ರಾತ್ರಿ ಹೊತ್ತು, ಮಳೆ ಬರುವಾಗ ಬೈಕ್ ನೋಡಲು ಹೋಗಲೇಬಾರದು.

ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗುವಾಗ ಹಿಂದೆ ನಿಂತು ಹೊಗೆಯನ್ನು ನೋಡಬೇಕು. ಚಳಿಯ ಮುಂಜಾನೆ ಬಿಳಿಯ ಆವಿ ಸ್ವಲ್ಪ ಹೊತ್ತು ಬಂದು ಮಾಯವಾದರೆ ಅದು ಸಹಜ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದರೆ, ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಇರುವ ಬೈಕಿನಲ್ಲಿ ಅದು ಒಳಗೆ ಸೋರುತ್ತಿರಬಹುದು. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಎಂದರ್ಥ, ಅದು ಬಹಳ ಮಟ್ಟಿಗೆ ಸರಿಪಡಿಸಬಹುದಾದ ದೋಷ. ನೀಲಿ ಹೊಗೆಯೇ ಹೆದರಬೇಕಾದದ್ದು. ಅದು ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸೀಲ್ ಕಡೆಗೂ, ಆಕ್ಸಿಲರೇಟರ್ ಕೊಟ್ಟಷ್ಟೂ ಬರುತ್ತಿದ್ದರೆ ಪಿಸ್ಟನ್ ರಿಂಗ್ ಕಡೆಗೂ ಬೆರಳು ಮಾಡುತ್ತದೆ, ಮತ್ತು ಎರಡನೆಯದರ ಖರ್ಚು ದೊಡ್ಡದು. ಎರಡು ಸ್ಟ್ರೋಕಿನ ಹಳೆಯ ಗಾಡಿಗಳಿಗೆ ಮಾತ್ರ ಈ ಮಾತು ಅನ್ವಯಿಸದು, ಅವು ಪೆಟ್ರೋಲ್ ಜೊತೆ ಆಯಿಲ್ ಸುಡುವಂತೆಯೇ ಮಾಡಿದವು.

ಓಡಿಸುವ ಮೊದಲು ನಿಂತಲ್ಲಿಯೇ ನೋಡಬೇಕಾದದ್ದು ಬಹಳವಿದೆ. ಬ್ರೇಕ್ ಮತ್ತು ಟಯರ್ ನೋಡದೆ ಅಪರಿಚಿತ ಬೈಕನ್ನು ರಸ್ತೆಗಿಳಿಸುವುದು ಸ್ವಂತ ಮೈಗೇ ಅಪಾಯ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಟಯರಿನ ಮೇಲ್ಮೈಯ ಗೀರುಗಳು ಚೆನ್ನಾಗಿ ಉಳಿದಿದ್ದರೂ ವಯಸ್ಸಾದ ರಬ್ಬರ್ ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಕೆಳಗೆ ಒತ್ತಿ ಬಿಟ್ಟಾಗ ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಶಾಕ್ ಅಬ್ಸಾರ್ಬರಿನ, ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡಿದರೆ ಆಯಿಲ್ ಸೀಲ್ ಹೋಗಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಜೊತೆಗೆ ಬಂದವರು ಹಿಂದೆ ಒತ್ತಿ ಹಿಡಿದಾಗ ಮುಂದಿನ ಚಕ್ರ ನೆಲ ಬಿಡುತ್ತದೆ. ಆಗ ಹ್ಯಾಂಡಲನ್ನು ಎರಡೇ ಬೆರಳಿನಿಂದ ಮೆಲ್ಲಗೆ ಈ ತುದಿಯಿಂದ ಆ ತುದಿಗೆ ತಿರುಗಿಸಬೇಕು. ಅದು ಸರಿಯಾಗಿ ನಡುವೆ ಬಂದಾಗ ಗುಂಡಿಗೆ ಬಿದ್ದಂತೆ ಒಂದು ಕ್ಷಣ ತಡೆದು ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸವೆದಿದೆ ಎಂದು ತಿಳಿಯಬೇಕು. ಈ ಒಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಆದರೂ ಇದನ್ನು ಮಾಡುವವರನ್ನು ನಾನು ಕಂಡದ್ದು ಅಪರೂಪ. ಚೈನನ್ನು ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲಿನ ಚಕ್ರದ) ತೀರ ಹಿಂಬದಿಯಲ್ಲಿ ಹಿಡಿದು ಹೊರಕ್ಕೆ ಎಳೆದಾಗ ಹಲ್ಲಿನ ಅರ್ಧ ಭಾಗ ಕಾಣಿಸಿದರೆ ಚೈನ್ ಸ್ಪ್ರಾಕೆಟ್ ಸೆಟ್ಟನ್ನೇ ಬದಲಿಸಬೇಕಾಗುತ್ತದೆ, ಆ ಖರ್ಚನ್ನು ಬೆಲೆಯಲ್ಲಿ ಹಿಡಿದುಕೊಳ್ಳಬೇಕು. ಈ ಕೆಲಸ ಎಂಜಿನ್ ಆಫ್ ಇದ್ದಾಗ ಮಾತ್ರ. ಚೈನಿಗೆ ಬೆರಳು ಕೊಟ್ಟವರ ಕತೆಗಳನ್ನು ಇಲ್ಲಿ ಬರೆಯುವುದು ಬೇಡ.

ಬಿದ್ದ ಬೈಕಿಗೆ ಹೊಸ ಬಣ್ಣ ಹೊಡೆಸುವುದು ಸುಲಭ, ಆದರೆ ಬೀಳುವಾಗ ಮೊದಲು ನೆಲಕ್ಕೆ ತಾಗುವ ತುದಿಗಳನ್ನು ಮರೆತುಬಿಡುತ್ತಾರೆ. ಬ್ರೇಕ್ ಮತ್ತು ಕ್ಲಚ್ ಲಿವರ್‌ನ ಗುಂಡು ತುದಿ, ಹ್ಯಾಂಡಲ್‌ನ ಕೊನೆ, ಫುಟ್‌ರೆಸ್ಟಿನ ಅಂಚು, ಸೈಲೆನ್ಸರಿನ ಹೊರಮೈ, ಎಂಜಿನ್ ಕವರ್ ಇವುಗಳಲ್ಲಿ ಒಂದೇ ಬದಿಯಲ್ಲಿ ಉಜ್ಜಿದ ಗೀರುಗಳಿದ್ದರೆ ಆ ಬದಿಗೆ ಬಿದ್ದಿದೆ ಎಂದೇ ಅರ್ಥ. ನಿಂತಲ್ಲೇ ಮಗುಚಿದ್ದಾದರೆ ಅದು ದೊಡ್ಡ ವಿಷಯವಲ್ಲ. ಆದರೆ ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆದು ನಿಲ್ಲಿಸಲು ಫ್ರೇಮಿನ ಮುಂಭಾಗದಲ್ಲಿರುವ ಚಿಕ್ಕ ಉಬ್ಬು ಜಜ್ಜಿಹೋಗಿದ್ದರೆ ಅಥವಾ ಅದರ ಸುತ್ತ ಬಣ್ಣ ಬಿರುಕು ಬಿಟ್ಟಿದ್ದರೆ, ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಅಲ್ಲಿಂದ ಹೊರಟುಬಿಡುವುದು ಲೇಸು. ಮೀಟರಿನ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಡಿಜಿಟಲ್ ಮೀಟರನ್ನೂ ತಿದ್ದಲು ಬರುತ್ತದೆ. ಹತ್ತು ಸಾವಿರ ಕಿಲೋಮೀಟರ್ ಎಂದು ತೋರಿಸುವ ಬೈಕಿನಲ್ಲಿ ಗೇರ್ ಲಿವರ್‌ನ ರಬ್ಬರ್ ನುಣ್ಣಗೆ ಸವೆದು, ಬ್ರೇಕ್ ಪೆಡಲ್ ಬೆಳ್ಳಗೆ ಹೊಳೆಯುತ್ತಿದ್ದರೆ ಮೀಟರಿಗಿಂತ ಆ ರಬ್ಬರನ್ನೇ ನಂಬಬೇಕು.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ಈ ದೀಪಗಳಿರುವ ಬೈಕಿನಲ್ಲಿ ಕೀಲಿ ತಿರುಗಿಸಿದಾಗ ಎಂಜಿನ್ ದೋಷದ ದೀಪವೂ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಒಮ್ಮೆ ಹೊತ್ತಿಕೊಳ್ಳಬೇಕು. ಎಂಜಿನ್ ದೀಪ ಸ್ಟಾರ್ಟ್ ಆದ ಮೇಲೆ, ಎಬಿಎಸ್ ದೀಪ ಬೈಕ್ ಸ್ವಲ್ಪ ದೂರ ಚಲಿಸಿದ ಮೇಲೆ ಆರುತ್ತವೆ. ದೀಪ ಆರದಿದ್ದರೆ ದೋಷವಿದೆ ಎಂಬುದು ಎಲ್ಲರಿಗೂ ಗೊತ್ತು. ಮೊದಲಿಗೆ ಹೊತ್ತಿಕೊಳ್ಳದೇ ಇದ್ದರೆ, ದೋಷ ಕಾಣಬಾರದೆಂದು ದೀಪವನ್ನೇ ಕಳಚಿರಬಹುದು. ಇನ್ನು ಕಾಗದಪತ್ರದ ಮಾತು: ಚಾಸಿ ಮತ್ತು ಎಂಜಿನ್ ನಂಬರ್‌ಗಳನ್ನು ಮೊಬೈಲ್ ಟಾರ್ಚ್ ಹಾಕಿ, ನೋಂದಣಿ ಪತ್ರದ ಜೊತೆ ಅಂಕಿ ಅಂಕಿಯಾಗಿ ಹೋಲಿಸಬೇಕು. ಅಂಕಿಗಳ ಸುತ್ತ ಉಜ್ಜಿದ ಗುರುತಿದ್ದರೆ ಮಾತು ಅಲ್ಲಿಗೆ ಮುಗಿಯಿತು.

ಟೆಸ್ಟ್ ರೈಡ್ ವಿಷಯದಲ್ಲಿ ಮಾರುವವರ ಪರವಾಗಿಯೂ ಒಂದು ಮಾತು ಹೇಳಬೇಕು. ಮುಖಪರಿಚಯವಿಲ್ಲದವನ ಕೈಗೆ ಕೀಲಿ ಕೊಟ್ಟರೆ ಆತ ಹಿಂದಿರುಗದೇ ಇರಬಹುದು, ಎಲ್ಲಿಯೋ ಬಿದ್ದು ಬರಬಹುದು ಎಂಬ ಅವರ ಭಯ ನ್ಯಾಯವಾದದ್ದೇ. ಹೆಲ್ಮೆಟ್, ಲೈಸೆನ್ಸ್ ಜೊತೆಗೆ ಒಯ್ದು, ಭದ್ರತೆಗೆ ಏನನ್ನಾದರೂ ಅವರ ಬಳಿ ಇಟ್ಟು, ವಿಮೆ ಚಾಲ್ತಿಯಲ್ಲಿದೆಯೇ ಎಂದು ಕೇಳಿ, ಬಿದ್ದರೆ ಖರ್ಚು ಯಾರದು ಎಂಬುದನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಇಷ್ಟು ಮಾಡಿದ ಮೇಲೂ ‘ಈ ಗಲ್ಲಿಯ ಕೊನೆಯವರೆಗೆ ಹೋಗಿ ಬನ್ನಿ, ಸಾಕು’ ಎನ್ನುವವರ ಬೈಕ್ ಬೇಡ. ಗಲ್ಲಿಯ ಕೊನೆಯಲ್ಲಿ ಎರಡನೇ ಗೇರ್ ಕೂಡ ಸರಿಯಾಗಿ ಬೀಳುವುದಿಲ್ಲ.

ಕನಿಷ್ಠ ಹದಿನೈದು ನಿಮಿಷ ಓಡಿಸಬೇಕು, ಖುಷಿಗಾಗಿ ಅಲ್ಲ, ಕಿವಿಗೊಟ್ಟು ಕೇಳುವುದಕ್ಕೆ. ಮೇಲಿನ ಗೇರಿನಲ್ಲಿ ಸಾಧಾರಣ ವೇಗದಲ್ಲಿ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ನಿನ ಸದ್ದು ಏರಿ ಬೈಕ್ ಮಾತ್ರ ಮುಂದೆ ನುಗ್ಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಒಂದೊಂದು ಗೇರಿನಲ್ಲಿಯೂ ಹೀಗೆ ಎಳೆಸಿ, ಬಿಟ್ಟು, ಮತ್ತೆ ಎಳೆಸಿ ನೋಡಬೇಕು. ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಎಂಜಿನ್ ಕೇಸನ್ನೇ ಒಡೆಯಬೇಕಾದ ಕೆಲಸ ಕಾದಿದೆ. ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡು ಮುಂದಿನ ಬ್ರೇಕನ್ನು ಹಂತಹಂತವಾಗಿ ಹಿಡಿದಾಗ ಲಿವರ್ ಬೆರಳಿನಡಿ ತಾಳ ಹಾಕಿದಂತೆ ಮಿಡಿದರೆ ಡಿಸ್ಕ್ ಸೊಟ್ಟಗಾಗಿರಬಹುದು. ಹ್ಯಾಂಡಲ್ ಮೇಲಿನ ಹಿಡಿತವನ್ನು ಸಡಿಲಿಸಿದಾಗ ಬೈಕ್ ಒಂದೇ ಕಡೆಗೆ ವಾಲಿದರೆ ಚಕ್ರಗಳ ನೇರ ತಪ್ಪಿರಬಹುದು, ಫ್ರೇಮೇ ಬಾಗಿರಬಹುದು. ಇದನ್ನು ನೋಡಲು ಕೈ ಪೂರ್ತಿ ಬಿಡುವ ಸಾಹಸ ಬೇಡ.

ಹಿಂದಿರುಗಿ ಬಂದ ಮೇಲೆ ಎಂಜಿನ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಕು. ತಣ್ಣಗಿದ್ದಾಗ ಸಲೀಸಾಗಿ ಎದ್ದು, ಬಿಸಿಯಾದಾಗ ಮೊಂಡು ಹಿಡಿಯುವ ಎಂಜಿನ್ನುಗಳೂ ಇವೆ. ಆಮೇಲೆ ಒಂದು ಹಳೆಯ ದಿನಪತ್ರಿಕೆಯ ಹಾಳೆಯನ್ನು ಎಂಜಿನ್ ಕೆಳಗೆ ಹಾಸಿ, ಹತ್ತು ನಿಮಿಷ ಬೇರೆ ಮಾತಾಡುತ್ತಿರಬೇಕು. ಮೇಲೆ ಕಾಣದ ಸೋರಿಕೆ ಆ ಹಾಳೆಯಲ್ಲಿ ಕಾಣುತ್ತದೆ: ಕಂದು ಅಥವಾ ಕಪ್ಪು ಹನಿಯಾದರೆ ಎಂಜಿನ್ ಆಯಿಲ್, ಹಸಿರೋ ಗುಲಾಬಿಯೋ ಆದರೆ ಕೂಲೆಂಟ್. ಬೆಲೆಯ ಮಾತನ್ನು ನಾನು ಈಗ ಆ ಹಾಳೆಯನ್ನು ಎತ್ತಿ ನೋಡಿದ ಮೇಲೆಯೇ ಆರಂಭಿಸುತ್ತೇನೆ.

ಇತಿ,
ನಿಮ್ಮ ಪತ್ರಿಕೆಯ ಓದುಗ